ಮೆಟ್ಟಿಲ ಮೇಲೆ ಕೂರಿಸಿದ ತಮಟೆ

ದಂಡಿಗನಹಳ್ಳಿ ಹೋಬಳಿಯ ಆ ಪುಟ್ಟ ಊರಿಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಲ್ಲಿಗಮ್ಮ ಮನೆಯ ಮುಂದೆ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ. ಇಬ್ಬನಿಗೆ ತಮಟೆಯ ಚರ್ಮ ಸಡಿಲವಾಗಿದೆ. ಅದನ್ನು ಬೆಂಕಿಗೆ ಹಿಡಿದು, ತಿರುಗಿಸಿ, ಬೆರಳಲ್ಲಿ ತಟ್ಟಿ ಕೇಳುತ್ತಾರೆ. ಸಮಾಧಾನವಾಗದೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಪಕ್ಕದಲ್ಲಿ ಸೊಸೆ ಶೋಭಿತಾ ತನ್ನ ತಮಟೆಯನ್ನು ಕಾಯಿಸುತ್ತಿದ್ದಾರೆ. ಅರಕಲಗೂಡಿನ ಕಲ್ಯಾಣ ಮಂಟಪಕ್ಕೆ ಗಂಡಿನ ಕಡೆಯವರು ಬಂದಿಳಿಯುವ ಹೊತ್ತಿಗೆ ಅತ್ತೆ ಸೊಸೆ ಅಲ್ಲಿರಬೇಕು. ಮಗ ಕೀರ್ತಿರಾಜ್ ಗೂಡ್ಸ್ ಆಟೊ ತಿರುಗಿಸಿ ನಿಲ್ಲಿಸಿ ಹಾರ್ನ್ ಒತ್ತುತ್ತಾರೆ.

“ತಡಿಯಲಾ, ಇದಿನ್ನೂ ಬಾಯಿ ಬುಟ್ಟಿಲ್ಲ!” ಎಂದು ಮಲ್ಲಿಗಮ್ಮ ಕೂತಲ್ಲಿಂದಲೇ ಗದರುತ್ತಾರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವಾದ್ಯದವರನ್ನು ನಾನು ಹುಡುಕಿಕೊಂಡು ಹೋದದ್ದು ಒಂದೇ ಪ್ರಶ್ನೆ ಹಿಡಿದು. ರೆಕಾರ್ಡ್ ಆಗಿರುವ ಹಾಡುಗಳಲ್ಲಿ ಯಾವುದಕ್ಕೆ ನೀವೇ ನುಡಿಸಿರಬೇಕಿತ್ತು ಅನ್ನಿಸುತ್ತದೆ? ಹೊಳೆನರಸೀಪುರದ ಡೋಲಿನ ಷಡಕ್ಷರಿ ಹಳೆಯ ಸಿನಿಮಾ ಹಾಡೊಂದನ್ನು ಹೇಳಿ ನಾಚಿಕೊಂಡರು. ಹಾಸನದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುವ ದೇವರಾಜ್ ಮೊಬೈಲಿನಲ್ಲಿ ತಮ್ಮ ಆಸೆಯ ಹಾಡು ಹಾಕಿ, ಚಹಾದಂಗಡಿಯ ಮೇಜಿನ ಮೇಲೆ ಬೆರಳಾಡಿಸಿ ತೋರಿಸಿದರು. ಮಲ್ಲಿಗಮ್ಮ ಮಾತ್ರ ಸಿಡುಕಿದರು.

“ಆಸೆ ಪಡಾಕೆ ಅದೇನು ಬೇರೇವ್ರದಾ ಸಾ? ಆ ಹಾಡಿನ ಏಟು ನಂದು. ನನ್ನ ಆಚೆ ಕೂರ್ಸಿ ರೆಕಾರ್ಡ್ ಮಾಡ್ಕಂಡ್ರು.”

ಅವರು ಹೇಳುವ ಹಾಡು ‘ತೊರೆ ಬಂತು, ದಾರಿ ಬಿಡಿ’. ಈ ಸೀಮೆಯ ಮದುವೆ, ಮೆರವಣಿಗೆ, ಕಾಲೇಜು ವಾರ್ಷಿಕೋತ್ಸವ ಯಾವುದಕ್ಕೂ ಅದು ಬೇಕು. ಅದರ ಹಿಂದಿನ ಕೈ ಯಾರದೆಂದು ಕೇಳಿದವರಿಲ್ಲ.

ಮಲ್ಲಿಗಮ್ಮನ ಅಪ್ಪ ತಮಟೆ ಬಡಿಯುತ್ತಿದ್ದರು. ಹೆಣ್ಣುಮಕ್ಕಳು ಮುಟ್ಟುವ ಹಾಗಿರಲಿಲ್ಲ. ರಾಗಿ ಕೇರಿದ ಮೇಲೆ ಮೊರವನ್ನೇ ತಿರುಗಿಸಿ ಹಿಡಿದು ಬಡಿಯುತ್ತಿದ್ದ ಮಗಳನ್ನು ಒಂದು ದಿನ ಅಪ್ಪ ನೋಡಿದರು. “ಮೊರ ಹಾಳಾಗ್ತದೆ, ತಗಾ, ಇದ್ರಲ್ಲೇ ಬಡಿ ಅಂದ್ಬುಟ್ಟ ನಮ್ಮಪ್ಪ,” ಎಂದು ನಗುತ್ತಾರೆ. ಮದುವೆಯಾದ ಮೇಲೆ ಊರವರು ಆಡಿಕೊಂಡರು. ಗಂಡ ಮಂಚಯ್ಯ ಆಡಿಕೊಳ್ಳಲಿಲ್ಲ. ಹೆಂಡತಿಯ ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಜೊತೆಗೆ ನಡೆದರು.

ಸಾಕ್ಷರತಾ ಜಾಥಾ ಊರೂರು ತಿರುಗುತ್ತಿದ್ದ ಕಾಲ ಅದು. ಹೊಳೆನರಸೀಪುರದ ಪ್ರೇಮಕುಮಾರಿ ಆಗಷ್ಟೇ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ್ದವರು, ಜಾಥಾದಲ್ಲಿ ಹಾಡುತ್ತಿದ್ದರು. ಹಾಡು ಕಟ್ಟಿದ್ದು ಅವರು, ಏಟು ಕಟ್ಟಿದ್ದು ಮಲ್ಲಿಗಮ್ಮ. “ಪ್ರೇಮಕ್ಕ ‘ತೊರೆ ಬಂತು’ ಅಂದ್ರೆ ನಂದು ಗುಡುಗ್ಬೇಕು. ‘ದಾರಿ ಬಿಡಿ’ ಅಂದ್ರೆ ನಾನು ಸುಮ್ಕಾಗ್ಬೇಕು. ಆ ಸುಮ್ಕಾಗೋದೈತಲ್ಲ, ಅಲ್ಲೇ ಜನ ದಾರಿ ಬುಟ್ಬುಡೋರು ಸಾ.”

ಕ್ಯಾಸೆಟ್ ಮಾಡೋಣವೆಂದು ಒಬ್ಬರು ಮುಂದೆ ಬಂದರು. ಹಾಸನದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿನ ಸ್ಟುಡಿಯೊ. ಮಲ್ಲಿಗಮ್ಮ ಹೊಸ ಸೀರೆ ಉಟ್ಟು ಹೋಗಿದ್ದರು. ಬಾಗಿಲಲ್ಲೇ ರೆಕಾರ್ಡಿಂಗ್‌ನವನು ಕೈ ಅಡ್ಡ ಹಿಡಿದ. “ಚರ್ಮದ್ದು ಒಳಗೆ ಬೇಡಮ್ಮ, ಕಾರ್ಪೆಟ್ಟಿಗೆ ವಾಸನೆ ಹಿಡಿಯುತ್ತೆ. ಮೈಕೂ ತಡೆಯಲ್ಲ. ಏಟು ಹೇಗೆ ಅಂತ ಬಾಯಲ್ಲಿ ಹೇಳಿ, ನಮ್ಮೋರು ಎಲೆಕ್ಟ್ರಾನಿಕ್ ಪ್ಯಾಡಲ್ಲಿ ನುಡಿಸ್ತಾರೆ.”

ಆಮೇಲೆ ಒಳಗೆ ಕರೆಯುತ್ತಾರೆಂದುಕೊಂಡು ಮಲ್ಲಿಗಮ್ಮ ಬಾಯಲ್ಲಿ ಹೇಳಿದರು. ಬಾಗಿಲು ಮುಚ್ಚಿತು. ಪ್ರೇಮಕುಮಾರಿ ಒಳಗೇ ಉಳಿದು ಹಾಡಿದರು. ಮೆಟ್ಟಿಲ ಮೇಲೆ ಕೂತ ಮಲ್ಲಿಗಮ್ಮನಿಗೆ ಗೋಡೆಯಾಚೆಯಿಂದ ತನ್ನದೇ ಏಟು ಕೇಳಿಸಿತು, ತನ್ನ ಕೈಯಿಲ್ಲದೆ.

“ಅಳು ಬಂತಾ?” ಎಂದು ಕೇಳಿದೆ.

“ಯಾಕ್ ಅಳ್ಲಿ? ತಮಟೆ ಎತ್ಕಂಡು ಅಲ್ಲೇ ಬಡ್ದೆ. ಒಳಗಿದ್ದೋರೆಲ್ಲ ಎದ್ನೋ ಬಿದ್ನೋ ಅಂತ ಆಚ್ಗೆ ಬಂದ್ರು. ಕೆಳಕ್ಕಿಳಿ ಅಂದ್ರು, ಇಳ್ದೆ. ರೋಡು ಅವ್ರಪ್ಪಂದಲ್ವಲ್ಲ, ರೋಡಲ್ಲಿ ನಿಂತ್ಕಂಡು ಬಡ್ದೆ. ಬಟ್ಟೆ ಅಂಗ್ಡಿಗೆ ಬಂದಿದ್ದ ಹೆಂಗುಸ್ರು ನಿಂತು ಕೇಳುದ್ರು. ಆಮೇಕೆ ಬಸ್ ಹತ್ತಿ ಬಂದೆ.”

ಕ್ಯಾಸೆಟ್ ಬಂತು. ಅದರ ಮೇಲೆ ಪ್ಯಾಡಿನವನ ಹೆಸರಿತ್ತು. ಅಲ್ಲಿಂದ ಮುಂದೆ ಮದುವೆ ಮನೆಗಳಲ್ಲಿ ಹೊಸ ಕಾಟ ಶುರುವಾಯಿತು. ‘ಕ್ಯಾಸೆಟ್‌ನಲ್ಲಿ ಇರೋ ಹಾಗೆ ಬಡೀರಿ’ ಎಂದು ಅದನ್ನು ಹುಟ್ಟಿಸಿದವರಿಗೇ ಜನ ಹೇಳತೊಡಗಿದರು. ಮಲ್ಲಿಗಮ್ಮ ಒಂದು ಸಲವೂ ಹಾಗೆ ಬಡಿದಿಲ್ಲ. ಪ್ಯಾಡಿನವನು ಆ ಸುಮ್ಮನಾಗುವ ಜಾಗವನ್ನೂ ತುಂಬಿಬಿಟ್ಟಿದ್ದ. ಇವರು ಅಲ್ಲಿ ಕೈ ಎತ್ತಿ ನಿಲ್ಲಿಸುತ್ತಾರೆ. ಯಾರಾದರೂ ತಪ್ಪು ಎಂದರೆ, “ಕ್ಯಾಸೆಟ್ಟು ತಪ್ಪು ಕಣಪ್ಪ” ಎಂಬ ಉತ್ತರ ಸಿದ್ಧವಿರುತ್ತದೆ.

ಮನೆಯೊಳಗಿನ ಜಗಳ ಬೇರೆಯೇ ಇತ್ತು. ಕುಟುಂಬ ಬೌದ್ಧ ಧರ್ಮಕ್ಕೆ ಬಂದಿತ್ತು. ಕಾಲೇಜು ಓದುತ್ತಿದ್ದ ಕೀರ್ತಿರಾಜ್‌ಗೆ ಅಮ್ಮನ ತಮಟೆ ಕಂಡರಾಗುತ್ತಿರಲಿಲ್ಲ. “ತಾತ ಗೌಡ್ರ ಮನೆ ಸಾವಿಗೆಲ್ಲ ಬಡ್ದು ತಲೆ ತಗ್ಗಿಸಿದ್ದು ಸಾಲ್ದಾ? ಬಿಟ್ಬಿಡಮ್ಮ ಅಂತಿದ್ದೆ,” ಎಂದು ಅವರೇ ಹೇಳುತ್ತಾರೆ. ಅಮ್ಮ ಬಿಡಲಿಲ್ಲ. “ತಲೆ ತಗ್ಸಿದ್ದು ತಮಟೆ ಅಲ್ಲ ಕಣ್ಲಾ, ಜನ. ಗೌಡ್ರು ಹೇಳಿ ಕಳ್ಸುದ್ರೂ ಸಾವಿಗೆ ನಾನು ಓಗಕ್ಕಿಲ್ಲ. ಓಗಿಯೂ ಇಲ್ಲ. ಆದ್ರೆ ನನ್ ಕೈಲಿರೋದ್ನ ಯಾಕ್ ಬುಡ್ಲಿ?”

ಮಗನ ಮನಸ್ಸು ತಿರುಗಿದ್ದು ಚನ್ನರಾಯಪಟ್ಟಣದಲ್ಲಿ, ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ. ಹುಡುಗರು ಡಿಜೆ ತರಿಸಿದ್ದರು. ಲಾರಿಯ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಅವುಗಳಲ್ಲಿ ‘ತೊರೆ ಬಂತು’ ಹಾಡಿನ ರೀಮಿಕ್ಸ್. ತಮಟೆಯವರಿಗೆ ಹಿಂದೆ ಬರುವಂತೆ ಹೇಳಲಾಗಿತ್ತು. ಮಲ್ಲಿಗಮ್ಮ ಹಿಂದಿನಿಂದ ನಡೆದು ಬಂದು ಲಾರಿಯ ಮುಂದೆ ನಿಂತರು. ಚಾಲಕ ಬ್ರೇಕ್ ಒತ್ತಿದ. “ದಾರಿ ಬಿಡಮ್ಮ!” ಎಂದು ಯಾರೋ ಕೂಗಿದರು. ಇವರು ಅಲುಗಲಿಲ್ಲ, ಬಡಿಯತೊಡಗಿದರು. ಪೆಟ್ಟಿಗೆಗಳ ಅಬ್ಬರದಲ್ಲಿ ಮೊದಲು ಏನೂ ಕೇಳಿಸಲಿಲ್ಲ, ಕೈ ಏಳುವುದು ಬೀಳುವುದು ಮಾತ್ರ ಕಾಣುತ್ತಿತ್ತು. ಡಿಜೆ ಪೃಥ್ವಿರಾಜ್ ಒಂದು ಗಳಿಗೆ ನೋಡಿ ಪೂರಾ ಸೌಂಡ್ ಇಳಿಸಿಬಿಟ್ಟರು. ಬೀದಿಯಲ್ಲಿ ಉಳಿದದ್ದು ತಮಟೆ ಒಂದೇ. ಕುಣಿಯುತ್ತಿದ್ದವರು ತಿರುಗಿ ಅದರ ಸುತ್ತ ಸೇರಿದರು. ಅವರ ನಡುವೆ ಕೀರ್ತಿರಾಜ್ ಇದ್ದರು.

“ಅಷ್ಟು ಜನ ನಮ್ಮಮ್ಮನ ಕೈ ನೋಡ್ತಾ ನಿಂತಿದ್ರು ಸಾ. ನಾನು ನಾಚ್ಕೊಳ್ಳೋದು ಏನಿತ್ತು?” ಎನ್ನುತ್ತಾರೆ. ಈಗ ಗೂಡ್ಸ್ ಆಟೊದಲ್ಲಿ ಮೊದಲು ಹತ್ತುವುದು ತಮಟೆ, ಆಮೇಲೆ ಬಾಡಿಗೆಯ ತೆಂಗಿನಕಾಯಿ ಮೂಟೆ.

ಕಳೆದ ವರ್ಷ ಪ್ರೇಮಕುಮಾರಿ ಈ ಮನೆಗೆ ಬಂದರು. ಕೆಲಸದಿಂದ ನಿವೃತ್ತರಾಗಿದ್ದಾರೆ. ಕಂಪನಿಯೊಂದು ಹಳೆಯ ಹಾಡನ್ನು ಮೊಬೈಲ್‌ಗಳಿಗೆ ಬಿಡುತ್ತಿದೆ, ಅದರ ಮೇಲೆ ನಿಜವಾದ ತಮಟೆ ಸೇರಿಸಬೇಕಂತೆ, ಬಾ ಎಂದು ಕರೆಯಲು ಬಂದಿದ್ದರು. ಇಷ್ಟು ವರ್ಷ ಬಯಸಿದ್ದು ಬಾಗಿಲಿಗೇ ಬಂದಿತ್ತು.

“ಆ ಪ್ಯಾಡಿನ ಹಿಂದೆ ನಾನು ಓಡಕ್ಕಿಲ್ಲ ಪ್ರೇಮಕ್ಕ,” ಎಂದರು ಮಲ್ಲಿಗಮ್ಮ. “ನಾನು ಬಡಿತೀನಿ, ನೀನು ಹಾಡು. ಇಬ್ರೂ ಒಟ್ಗೆ. ಇಲ್ಲಾಂದ್ರೆ ಬ್ಯಾಡ.”

“ನನ್ನ ದನಿ ಈಗ ಏರಲ್ಲ ಮಲ್ಲಿ.”

“ಏರ್ದಿದ್ರೆ ಬುಡು. ನಾನಿಲ್ವಾ?”

ಪ್ರೇಮಕುಮಾರಿ ಒಪ್ಪಿದರು. ಕಂಪನಿಯವರು ಒಪ್ಪಲಿಲ್ಲ. ತಮಟೆಯನ್ನು ಬೇರೆ, ಹಾಡನ್ನು ಬೇರೆ ರೆಕಾರ್ಡ್ ಮಾಡಿದರೆ ಆಮೇಲೆ ಬೇಕಾದಂತೆ ಏರಿಸಿ ಇಳಿಸಬಹುದು ಎಂದರು. ಮಲ್ಲಿಗಮ್ಮ ಒಲ್ಲೆನೆಂದು ತಲೆಯಾಡಿಸಿದರು. ಕಂಪನಿ ಹಳೆಯದನ್ನೇ ಬಿಡುಗಡೆ ಮಾಡಿತು.

ಇವರಿಬ್ಬರು ಸುಮ್ಮನೆ ಕೂರಲಿಲ್ಲ. ಊರಿನ ಅಂಬೇಡ್ಕರ್ ಭವನದ ಬಾಗಿಲು ಕಿಟಕಿ ಮುಚ್ಚಿ, ಪೃಥ್ವಿರಾಜ್ ತಂದ ಒಂದೇ ಮೈಕನ್ನು ನಡುವೆ ನಿಲ್ಲಿಸಿ, ಎದುರುಬದುರಾಗಿ ನಿಂತು ಹಾಡಿದರು, ಬಡಿದರು. ಅದು ಈಗ ಫೋನಿನಿಂದ ಫೋನಿಗೆ ಹರಿದಾಡುತ್ತಿದೆ. ಹೊಳೆನರಸೀಪುರ ಬಸ್ ನಿಲ್ದಾಣದಲ್ಲಿ ಹುಡುಗಿಯರು ಕೇಳುತ್ತಿದ್ದುದನ್ನು ನಾನೇ ಕಂಡೆ. ಪ್ರೇಮಕುಮಾರಿಯವರ ದನಿ ಏರಲಾರದ ಕಡೆ ತಮಟೆ ಏರುತ್ತದೆ. ‘ದಾರಿ ಬಿಡಿ’ ಎಂದಾಗ ಎಲ್ಲವೂ ನಿಲ್ಲುತ್ತದೆ.

ಆಟೊ ಹೊರಡುತ್ತದೆ. ನಾನೂ ಹಿಂದೆ ಹತ್ತಿ ಕೂರುತ್ತೇನೆ. ಆ ರೆಕಾರ್ಡಿಂಗ್‌ನಿಂದಲೂ ನಿಮ್ಮನ್ನು ಯಾರಾದರೂ ತೆಗೆದು ಹಾಕಿದರೆ ಎಂದು ಕೇಳುತ್ತೇನೆ. ಮಲ್ಲಿಗಮ್ಮ ಮಡಿಲಲ್ಲಿದ್ದ ತಮಟೆಯ ಮೇಲೆ ಅಂಗೈ ಊರಿ ನಗುತ್ತಾರೆ.

“ಅದಾಗಕ್ಕಿಲ್ಲ ಅಂತ ಪೃಥ್ವಿನೇ ಏಳ್ದ ಸಾ. ಒಂದೇ ಮೈಕು, ಪ್ರೇಮಕ್ಕನ ದನಿ ಒಳಗೇ ನನ್ ಏಟು ಕೂತ್ಬುಟ್ಟೈತೆ. ಕಿತ್ರೆ ಎರಡ್ನೂ ಕೀಳ್ಬೇಕು. ಕೀಳ್ಲಿ ನೋಡವಾ.”