ಡಬ್ಬಿ ಕೆಳಗಿನ ಎವಿಡೆನ್ಸ್

ಸಾರಿ ಫ್ರೆಂಡ್ಸ್, ನಾಳೆ ಇಂಟರ್ನಲ್ಸ್ ಇಟ್ಟುಕೊಂಡು ಪೋಸ್ಟ್ ಬರೆಯಬಾರದು, ಗೊತ್ತು.

ಇವತ್ತು ಮಧ್ಯಾಹ್ನ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮೋಟೆಬೆನ್ನೂರಿನ ಸೋದರಮಾವ ಒಂದು ವಿಡಿಯೋ ಹಾಕಿದರು: ಹವಾಮಾನ ಬದಲಾವಣೆ ಎಲ್ಲ ಸುಳ್ಳಂತೆ. ಹಾಸ್ಟೆಲಿನಿಂದಲೇ ನಾನು ಭೂಮಿ ಬಿಸಿಯಾಗುತ್ತಿರುವ ಗ್ರಾಫ್ ಕಳಿಸಿದೆ.

“ಅಳಿಯಾ, ಇದರಾಗ ನಮ್ಮೂರು ಎಲ್ಲೈತಿ?” ಅಂದರು ಮಾವ.

ಹಿಗ್ಗಿಸಿ ನೋಡಿದೆ. ಇರಲಿಲ್ಲ.

ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ಮಳೆಗೆ ತೊಯ್ದರೆ ಮಾವ ಆ ತಾರೀಖಿಗೆ ಪೆನ್ನಿನಿಂದ ಸುತ್ತು ಹಾಕುತ್ತಾರೆ. ಅಂಥದೊಂದು ಹಳೇ ಕ್ಯಾಲೆಂಡರಿನ ಫೋಟೋ ಬಂತು. ಜನವರಿಯಲ್ಲಿ ಒಂದು ಸುತ್ತು.

“ನೀ ಹುಟ್ಟೂಕಿಂತ ಮೊದಲಿಂದು ಇದು. ಆವಾಗೂ ಅಕಾಲಕ್ಕ ಮಳಿ ಬಂದಿತ್ತು. ನಿನ್ನ ಕ್ಲೈಮೇಟ್ ಎಲ್ಲಿ ಹೋಗಿತ್ತೋ?”

“ಒಂದು ವರ್ಷದ್ದು ಎವಿಡೆನ್ಸ್ ಆಗೂದಿಲ್ರಿ ಮಾವಾ. ಎಲ್ಲಾ ವರ್ಷದ್ದೂ ಕಳಸ್ರಿ. ಬರಬರತಾ ಸುತ್ತು ಹೆಚ್ಚಾಗಿಲ್ಲಂದ್ರ ಇಲ್ಲೇ ಎಲ್ಲಾರ ಮುಂದ ತಪ್ಪಾತು ಅಂತೀನಿ,” ಎಂದು ಬರೆದೆ.

ಅಷ್ಟರಲ್ಲಿ ಅತ್ತೆಯ ಮೆಸೇಜ್: “ಹಳೇ ಕ್ಯಾಲೆಂಡರೆಲ್ಲಾ ಅಡಗಿಮನಿ ಡಬ್ಬಿ ಕೆಳಗ ಹಾಸೀನಿ. ಯಾರೂ ಮುಟ್ಟಬ್ಯಾಡ್ರಿ.”

“ನಾನ ಎತ್ತತೇನಿ, ತಡಿ,” ಅಂದರು ಮಾವ.

ಈಗ ಅರಿಷಿಣದ ಕಲೆ ಇರುವ ಫೋಟೋಗಳು ಒಂದೊಂದಾಗಿ ಬರುತ್ತಿವೆ. ಕೆಲವುಗಳಲ್ಲಿ ಸುತ್ತು ಇದೆ, ಕೆಲವುಗಳಲ್ಲಿ ಇಲ್ಲ. ಓದು ಬಿಟ್ಟು ಎಣಿಸುತ್ತ ಕೂತಿದ್ದೇನೆ. ಭೂಮಿಯ ವಿಷಯ ನಮ್ಮತ್ತೆಯ ಡಬ್ಬಿ ಕೆಳಗೆ ತೀರ್ಮಾನವಾಗುವುದಿಲ್ಲ, ನಿಜ. ನನ್ನ ಮರ್ಯಾದೆಯದು ಆಗುತ್ತದೆ.

ಬ್ಯಾಡಗಿ, ಅಗಡಿ ಕಡೆಯವರೇ, ನಿಮ್ಮ ಮನೆಯಲ್ಲೂ ಇಂಥ ಗುರುತು ಹಾಕಿದ ಹಳೇ ಕ್ಯಾಲೆಂಡರ್ ಇದ್ದರೆ ಫೋಟೋ ಕಳಿಸಿ, ಮಾವನ ಪರವಾಗಿದ್ದರೂ ಸರಿ. ಸ್ವಲ್ಪ ಲಗೂ ಉತ್ತರ ಕೊಡಿ. ಮಾವ ಆಗಲೇ ಸಾಲಿನ ಕೊನೆಯ ಉಪ್ಪಿನ ಡಬ್ಬಿಗೆ ಬಂದಿದ್ದಾರೆ.