ಹೆಗಲ ಮೇಲಿನ ಟವೆಲ್

ಲಾಯಗಳಲ್ಲಿ ವೈರಸ್ ಜ್ವರ ಹಬ್ಬಿದಾಗಿನಿಂದ ಏಳು ಕುದುರೆಗಳ ಮಾಲೀಕರಾದ ನಮ್ಮ ಯಜಮಾನರು ತಮ್ಮ ನೆರಳನ್ನೂ ನಂಬುತ್ತಿರಲಿಲ್ಲ. ಲಾಳ ಹೊಡೆಯುವವನ ಬೂಟನ್ನು ಗೇಟಿನಲ್ಲೇ ತೊಳೆಸುತ್ತಿದ್ದರು. ಕುದುರೆ ಡಾಕ್ಟರಿಗೂ ಅದೇ ಮರ್ಯಾದೆ. ಸ್ವಂತ ತಮ್ಮನೊಡನೆ ಮಾತೂ ಬೇಲಿಯಾಚೆಯಿಂದಲೇ: "ರೋಗ ಬಂದಿದ್ದು ನಿನ್ನ ಲಾಯದಿಂದಲೇ ಕಣೋ, ನನಗೆ ಗೊತ್ತು." ಹೀಗೆ ಊರನ್ನೆಲ್ಲ ತೊಳೆದು ಒಳಗೆ ಹೋದವರು, "ಏನೋ ಮಗನೇ, ಶೀತವಾ" ಎನ್ನುತ್ತ ಏಳೂ ಕುದುರೆಗಳ ಸೋರುವ ಮೂಗನ್ನು ಹೆಗಲ ಮೇಲಿನ ಒಂದೇ ಟವೆಲಿನಿಂದ ಸಾಲಾಗಿ ಒರೆಸುತ್ತಿದ್ದರು. ಐದನೆಯದು ಸತ್ತ ದಿನ ಡಾಕ್ಟರು ಆ ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದರಿಂದಲೇ ಹಬ್ಬಿದ್ದು ನೋಡಿ, ಯಜಮಾನ್ರೇ" ಅಂದರು. ಈಗ ಗೇಟಿನಲ್ಲಿ ಯಾರನ್ನೂ ತಡೆಯುವುದಿಲ್ಲ. ಉಳಿದ ಎರಡು ಕುದುರೆಗಳು ಅವರನ್ನು ಕಂಡೊಡನೆ ರೂಢಿಯಂತೆ ಮೂಗು ಚಾಚುತ್ತವೆ. ಅವರು ಕೈ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಾರೆ.