ಬಿಳಿ ಧೂಪದ ಬಟ್ಟಲು

ಆದೋನಿಯ ನಮ್ಮ ಪಕ್ಕದ ಮನೆಯ ಹತ್ತಿ ಸಾಹುಕಾರರ ಹೆಂಡತಿ, ನಾನು ಸಂಜೆ ವಾಕಿಂಗ್‌ ಹೊರಡುವ ಹೊತ್ತಿಗೆ ಸರಿಯಾಗಿ ದೇವರಿಗೆ ಲೋಬಾನ ಹಾಕುತ್ತಿದ್ದರು. ಆ ಧೂಪಕ್ಕೆ ಬಳಸುತ್ತಿದ್ದುದು ತಮ್ಮ ಅತ್ತೆ ಕೊಟ್ಟ ಚೀನಾದ ಹಳೆಯ ಬಿಳಿ ಪಿಂಗಾಣಿ ಬಟ್ಟಲು. ಯಾರು ಹತ್ತಿರ ಹೋದರೂ ಸೆರಗು ಅಡ್ಡ ಹಿಡಿದು, "ಮೆಲ್ಲಕ್ರೀ, ಮೆಲ್ಲಕ!" ಎನ್ನುತ್ತಿದ್ದರು.

ಒಂದು ಸಂಜೆ ನನ್ನೆದುರೇ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಆಕೆಯನ್ನು ಹೇಗೋ ಒಪ್ಪಿಸಿ, ಅದನ್ನು ಬೆಳಕಿಗೆ ಹಿಡಿದು ಹಿಗ್ಗಿದ. "ಭಾಳ ಹಳೇದಮ್ಮಾ! ನೋಡ್ರಿ, ಕೂದಲೆಳಿಯಂಥ ಬಿರುಕು. ಆದ್ರೂ ಎಷ್ಟು ಚಂದ ಐತಿ!"

ಆಕೆಯ ಮುಖ ಬಿಳುಚಿತು. "ಬಿರುಕೇನು? ಪೂಜೆಗೆ ಬರದ ಭಿನ್ನ ಬಟ್ಟಲದಾಗ ಇಷ್ಟು ದಿನ ಶಿವಗ ಹೊಗಿ ಹಾಕೀನೇನ್ರೀ ನಾನು?"

ನಾನು ಕೈ ಚಾಚುವುದರೊಳಗೆ ಆಕೆ ಅವನ ಕೈಯಿಂದ ಬಟ್ಟಲನ್ನು ಕಸಿದು ಅಂಗಳದ ಕಲ್ಲಿಗೆ ಅಪ್ಪಳಿಸಿಬಿಟ್ಟರು. ಬಾಯಿ ತೆರೆದ ವ್ಯಾಪಾರಿ ಚೂರುಗಳತ್ತ ಬರಿಗಾಲಲ್ಲೇ ಧಾವಿಸಿದ. ಆಕೆ ಸೆರಗು ಅಡ್ಡ ಹಿಡಿದರು.

"ಮೆಲ್ಲಕ್ರೀ, ಮೆಲ್ಲಕ! ಕಾಲಿಗೆ ಚುಚ್ಚೀತು."